ಬೆರಳಗಲದ ಸಡಿಲು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೊರಟ ಪ್ರಯಾಣಿಕನಿಗೆ ಮದ್ದೂರೆಂದರೆ ವಡೆ. ನಿಲ್ದಾಣ ಬರುವ ಮೊದಲೇ ಈರುಳ್ಳಿಯ ಘಮ ಡಬ್ಬಿಯನ್ನು ತುಂಬುತ್ತದೆ. 1917ರಲ್ಲಿ ಇಲ್ಲಿನ ರೈಲು ನಿಲ್ದಾಣದಲ್ಲಿ ಉಪಾಹಾರ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು ಈ ತಿಂಡಿಯನ್ನು ಮೊದಲು ಮಾಡಿದರೆಂದು ಹೇಳುವುದುಂಟು. ಕೈಗೆ ಹತ್ತಿದ ಎಣ್ಣೆಯನ್ನು ಕಾಗದಕ್ಕೆ ಒರೆಸುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಊರಿನ ಪರಿಚಯವೂ ಅಲ್ಲಿಗೆ ಮುಗಿದಿರುತ್ತದೆ.

ಮದ್ದೂರಿನವರನ್ನು ಕೇಳಿದರೆ ಅವರ ಲೆಕ್ಕ ಬೇರೆ. ವಡೆ ದಾರಿಹೋಕರಿಗೆ, ಊರಿನ ನಿಜವಾದ ಭಾಗ್ಯವಿರುವುದು ಎಳನೀರಿನಲ್ಲಿ. ಇಲ್ಲಿನ ಎ.ಪಿ.ಎಂ.ಸಿ. ಪ್ರಾಂಗಣದ ಎಳನೀರು ಮಾರುಕಟ್ಟೆ ನಾಡಿನ ಹೊರಗೂ ಹೆಸರಾದದ್ದು. ಮುಂಬಯಿ, ದೆಹಲಿಗಳ ಬಿಸಿಲಿನಲ್ಲಿ ಬಾಯಾರಿದವರು ಕುಡಿಯುವ ನೀರು ಶಿಂಷಾ ತೀರದ ತೋಟಗಳಲ್ಲಿ ಊರಿದ್ದೆಂದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಪ್ರಾಂಗಣದಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನೂ, ಅವುಗಳ ಪಕ್ಕದಲ್ಲಿ ಹಸಿರು ಗುಡ್ಡಗಳಂತೆ ರಾಶಿಬಿದ್ದ ಕಾಯಿಗಳನ್ನೂ ಕಂಡವನು ಇಷ್ಟು ಕಾಯಿ ಇಲ್ಲಿಗೆ ಬಂದದ್ದು ಹೇಗೆಂದು ಕೇಳದಿರಲಾರ.

ಲಾರಿ ತೋಟದವರೆಗೆ ಹೋಗುವುದಿಲ್ಲ. ಕೊಪ್ಪ, ಬೆಸಗರಹಳ್ಳಿ, ಭಾರತೀನಗರಗಳ ಸುತ್ತಿನ ಹಳ್ಳಿಗಳಲ್ಲಿ ತೋಟಕ್ಕೆ ಹೋಗುವ ದಾರಿಯೆಂದರೆ ನಾಲೆಯ ಏರಿ, ಇಲ್ಲವೆ ಎರಡು ಗದ್ದೆಗಳ ನಡುವಿನ ಬದು. ಎತ್ತಿನ ಗಾಡಿಗಳು ವಿರಳವಾಗಿವೆ. ಮರದಡಿಯಿಂದ ಮಾರುಕಟ್ಟೆಗೆ, ಇಲ್ಲವೆ ದೊಡ್ಡ ರಸ್ತೆಯಲ್ಲಿ ಕಾದಿರುವ ಸಣ್ಣ ಲಾರಿಗೆ, ಕಾಯಿಯನ್ನು ಹೊತ್ತು ತರುವುದು ಮೊಪೆಡ್. ಅದನ್ನು ಇಲ್ಲಿ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಯಾವ ವರ್ಷದ್ದಾಗಲಿ, ಯಾವ ಬಣ್ಣದ್ದಾಗಲಿ, ಅದು ‘ಟಿವಿಎಸ್ಸು’.

1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಟಿವಿಎಸ್ 50, ಇಬ್ಬರು ಕೂರಬಹುದಾದ ಭಾರತದ ಮೊದಲ ಮೊಪೆಡ್. ಮೋಟಾರು ಜೋಡಿಸಿದ ಸೈಕಲ್ಲೆಂಬ ಮಾತು ಆಗ ಅಕ್ಷರಶಃ ನಿಜವಾಗಿತ್ತು; ಪೆಡಲು ತುಳಿದೇ ಎಂಜಿನನ್ನು ಎಬ್ಬಿಸಬೇಕಾಗಿತ್ತು. 2015ರಲ್ಲಿ ಬಂದ ನಾಲ್ಕು ಸ್ಟ್ರೋಕಿನ ಎಕ್ಸ್‌ಎಲ್ 100ರಲ್ಲಿ ಪೆಡಲಿಲ್ಲ. ಮೊಪೆಡ್ ಎಂಬ ಹೆಸರಿನೊಳಗೆ ಪೆಡಲು ಉಳಿದುಕೊಂಡಿದೆ, ಗಾಡಿಯಲ್ಲಿ ಉಳಿದಿಲ್ಲ. ಆದರೂ ಸೈಕಲ್ಲಿನ ಒಂದು ಋಣವನ್ನು ಈ ವಾಹನ ತೀರಿಸಿಲ್ಲ. ಎಂಜಿನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವುದು ಇಂದಿಗೂ ಚೈನು.

ಇಬ್ಬರಿಗೆಂದು ಮಾಡಿದ ಗಾಡಿಯ ಮೇಲೆ ಮದ್ದೂರು ಸೀಮೆಯ ರೈತ ಹೇರುವ ಹೊರೆಯನ್ನು ನೋಡಬೇಕು. ಹಿಂಬದಿಯ ಎರಡು ಪಕ್ಕಗಳಲ್ಲಿಯೂ ಗೊನೆಗಳು, ಅವುಗಳ ಮೇಲೆ ಅಡ್ಡಲಾಗಿ ಇನ್ನೆರಡು ಗೊನೆಗಳು, ಕಾಲಿಡುವ ಜಾಗದಲ್ಲಿ ಒಂದು ಚೀಲ. ದೂರದಿಂದ ನೋಡಿದರೆ ಸವಾರನ ತಲೆಯೂ ಒಂದು ಕಾಯಿಯೆಂದೇ ಭ್ರಮೆಯಾಗುತ್ತದೆ. ಒಂದು ಎಳನೀರು ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಐವತ್ತು ಕಾಯಿಯಾದರೆ ಮುಕ್ಕಾಲು ಕ್ವಿಂಟಲಿನಿಂದ ಒಂದು ಕ್ವಿಂಟಲು. ಐವತ್ತಕ್ಕೇ ಕೈ ತಡೆಯುವ ರೈತರು ಕಡಿಮೆ. ಇಷ್ಟೂ ಭಾರವನ್ನು ಎಳೆಯುವುದು ಕಿರುಬೆರಳಿಗಿಂತ ದಪ್ಪವಿಲ್ಲದ ಆ ಉಕ್ಕಿನ ಸರಪಳಿ.

ಆದುದರಿಂದಲೇ ಪೇಟೆಯ ಅಂಚಿನಲ್ಲಿ, ಹುಣಸೆ ಮರದ ನೆರಳಿಗೋ ತಗಡಿನ ಮಾಡಿಗೋ ಅಂಟಿಕೊಂಡ ಮೆಕ್ಯಾನಿಕ್ಕಿನ ಅಂಗಡಿಗಳಲ್ಲಿ ಮುಂಜಾನೆಯಿಂದಲೇ ಜನ. ಬಂದ ಗಾಡಿಯ ರೋಗ ಯಾವುದೇ ಇರಲಿ, ಮೆಕ್ಯಾನಿಕ್ಕಿನ ಕೈ ಮೊದಲು ಹೋಗುವುದು ಚೈನಿನ ಕೆಳಗಿನ ಎಳೆಗೆ. ವೈದ್ಯ ನಾಡಿ ಹಿಡಿದಂತೆ. ಎರಡು ಹಲ್ಲುಚಕ್ರಗಳ ನಡುಮಧ್ಯದಲ್ಲಿ ಬೆರಳಿಟ್ಟು ಮೇಲಕ್ಕೆತ್ತಿ ಕೆಳಕ್ಕಿಳಿಸುತ್ತಾನೆ. ಆ ಏರಿಳಿತ ಒಟ್ಟಿನಲ್ಲಿ ಹೆಬ್ಬೆರಳಿನ ಅಗಲದಷ್ಟು, ಎಂದರೆ ಎರಡು ಸೆಂಟಿಮೀಟರಿನ ಆಸುಪಾಸಿನಲ್ಲಿ ಇದ್ದರೆ ಸಾಮಾನ್ಯವಾಗಿ ಗಾಡಿ ಆರೋಗ್ಯವಾಗಿದೆಯೆಂದು ಅರ್ಥ. ಗಾಡಿಯೊಡನೆ ಕೊಡುವ ಪುಸ್ತಕದಲ್ಲಿ ಅದರದರ ಅಳತೆ ಅಚ್ಚಾಗಿರುತ್ತದೆ, ಅದೇ ಪ್ರಮಾಣ. ಆದರೆ ಆ ಪುಸ್ತಕ ಎಷ್ಟು ಮನೆಗಳಲ್ಲಿ ಉಳಿದಿದೆಯೆಂಬುದನ್ನು ಕೇಳದಿರುವುದೇ ಮೇಲು.

“ಸ್ವಲ್ಪ ಬಿಗಿಯಾಗೇ ಮಾಡಪ್ಪ. ನಾಕು ತಿಂಗಳು ಈ ಕಡೆ ಬರ್ಬಾರ್ದು,” ಎನ್ನುತ್ತಾನೆ ರೈತ.

“ಬಿಗಿ ಮಾಡುದ್ರೆ ನಾಕೇ ದಿನಕ್ಕೆ ಬೇರಿಂಗು ಕೇಳ್ತದೆ ಗೌಡ್ರೆ. ಮೊದ್ಲು ಗಾಡಿ ಮ್ಯಾಲೆ ಹತ್ತಿ ಕೂತ್ಕಳಿ, ನೋಡಾನ.”

ಗೌಡರಿಗೆ ಇದು ಹುಡುಗಾಟವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಹುಡುಗನ ಮಾತಿನಲ್ಲಿ ಒಂದು ಸೂಕ್ಷ್ಮವಾದ ರೇಖಾಗಣಿತವಿದೆ. ಹಿಂದಿನ ಚಕ್ರವನ್ನು ಹಿಡಿದ ಕವಲು ಒಂದು ಕೀಲಿನ ಮೇಲೆ ಆಡುತ್ತದೆ. ಎಂಜಿನಿನ ಸಣ್ಣ ಹಲ್ಲುಚಕ್ರದ ಕೇಂದ್ರ ಒಂದು ಕಡೆ, ಕವಲಿನ ಕೀಲು ಇನ್ನೊಂದು ಕಡೆ. ಹೊರೆ ಬಿದ್ದು ಗಾಡಿ ಕುಸಿದಾಗ ಸಣ್ಣ ಚಕ್ರ, ಕೀಲು, ಹಿಂದಿನ ಚಕ್ರದ ಅಚ್ಚು ಈ ಮೂರೂ ಒಂದೇ ಗೆರೆಯ ಕಡೆಗೆ ಸರಿಯುತ್ತವೆ. ಗೆರೆ ನೇರವಾದ ಕ್ಷಣದಲ್ಲಿ ಎರಡು ಹಲ್ಲುಚಕ್ರಗಳ ನಡುವಿನ ದೂರ ಅತಿ ಹೆಚ್ಚು. ಬರಿಗಾಡಿಯಲ್ಲಿ ಬಿಗಿಯಾಗಿ ಕಟ್ಟಿದ ಚೈನು ಐವತ್ತು ಕಾಯಿ ಹೇರಿದಾಗ ವೀಣೆಯ ತಂತಿಯಾಗುತ್ತದೆ. ಆಗ ಅದು ಎಳೆಯುವುದು ಚಕ್ರವನ್ನಷ್ಟೇ ಅಲ್ಲ, ಎಂಜಿನಿನ ಬೇರಿಂಗನ್ನೂ ಸಹ. ಪಟ್ಟಣದಲ್ಲಿ ಒಬ್ಬನೇ ಓಡಾಡುವ ಗುಮಾಸ್ತನ ಗಾಡಿಗೂ ತೋಟದ ಗಾಡಿಗೂ ಒಂದೇ ಕೈಲೆಕ್ಕ ಸಲ್ಲದಿರುವುದು ಇದರಿಂದ.

ಸಡಿಲವಾದರೆ ಬರುವ ಕೇಡು ಇನ್ನೊಂದು ಬಗೆಯದು, ಇನ್ನೂ ಬೇಗನೆಯದು. ಜೋಲುಬಿದ್ದ ಚೈನು ಗಾಡಿ ಹೊರಡುವಾಗ ಜಗ್ಗುತ್ತದೆ, ಹಳ್ಳದಿಣ್ಣೆಯಲ್ಲಿ ಕುಣಿಯುತ್ತದೆ, ಒಂದು ದಿನ ಹಲ್ಲು ತಪ್ಪಿ ಹೊರಗೆ ಹಾರುತ್ತದೆ. ತುಳಿಯುವ ಸೈಕಲ್ಲಿನಲ್ಲಿ ಚೈನು ಕಳಚಿದರೆ ಇಳಿದು, ಕೈ ಮಸಿ ಮಾಡಿಕೊಂಡು, ಮತ್ತೆ ಹಾಕಿಕೊಂಡು ಹೋಗಬಹುದು. ಕ್ವಿಂಟಲು ಹೊರೆ ಹೊತ್ತ ಮೊಪೆಡ್ಡಿನಲ್ಲಿ ಕಳಚಿದ ಚೈನು ಹಲ್ಲುಚಕ್ರಕ್ಕೂ ಕವಲಿಗೂ ನಡುವೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ನಿಂತಲ್ಲೇ ಬಂಧಿಯಾಗುತ್ತದೆ. ನಾಲೆಯ ಏರಿಯ ಮೇಲೆ, ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಗದ್ದೆ ಇರುವಲ್ಲಿ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ಚೈನು ‘ಹಿಗ್ಗಿದೆ’ ಎನ್ನುವುದು ರೂಢಿ. ಉಕ್ಕು ಹಿಗ್ಗಿರುವುದಿಲ್ಲ, ಕೊಂಡಿಗಳ ಒಳಗಿನ ಪಿನ್ನುಗಳು ಸವೆದಿರುತ್ತವೆ. ಉರುಳೆಯ ಈ ಚೈನನ್ನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ ಹಾನ್ಸ್ ರೆನಾಲ್ಡ್ ಗಟ್ಟಿತನಕ್ಕೆ ಬೇಕಾದುದನ್ನೆಲ್ಲ ಮಾಡಿದ್ದ, ಆದರೆ ಮಂಡ್ಯ ಜಿಲ್ಲೆಯ ಧೂಳಿಗೆ ಯಾವ ಉಕ್ಕೂ ಶಾಶ್ವತವಲ್ಲ. ಅರ್ಧ ಅಂಗುಲದ ನೂರು ಕೊಂಡಿಗಳಲ್ಲಿ ಪ್ರತಿಯೊಂದೂ ಕಾಲು ಮಿಲಿಮೀಟರು ಸವೆದರೆ ಒಟ್ಟು ಉದ್ದ ಎರಡೂವರೆ ಸೆಂಟಿಮೀಟರು ಹೆಚ್ಚುತ್ತದೆ. ಸವೆತ ಎಲ್ಲ ಕಡೆಯೂ ಸಮನಾಗಿರುವುದಿಲ್ಲವಾಗಿ ಚಕ್ರವನ್ನು ತಿರುಗಿಸುತ್ತ ಹೋದರೆ ಒಂದೆಡೆ ಚೈನು ಬಿಗಿ, ಒಂದೆಡೆ ಸಡಿಲು. ಅರಿತವನು ಅತಿ ಬಿಗಿಯಾದ ಜಾಗವನ್ನು ಹುಡುಕಿ ಅಲ್ಲಿ ಬೆರಳಗಲದ ಸಡಿಲು ಬಿಡುತ್ತಾನೆ. ಅವಸರದವನು ಮೊದಲು ಕೈಗೆ ಸಿಕ್ಕ ಜಾಗದಲ್ಲಿ ಅಳೆದು ಕಾಸು ಕೇಳುತ್ತಾನೆ.

ಉಳಿದ ಕೆಲಸ ಕಣ್ಣಿಗೆ ಸುಲಭ. ಹಿಂದಿನ ಅಚ್ಚಿನ ನಟ್ಟನ್ನು ಸಡಿಲಿಸಿ, ಎರಡು ಪಕ್ಕದ ಅಡ್ಜಸ್ಟರುಗಳನ್ನೂ ಸಮಸಮವಾಗಿ ತಿರುಗಿಸಬೇಕು. ಕವಲಿನ ಮೇಲೆ ಕೊರೆದ ಗುರುತುಗಳು ಇದಕ್ಕೆಂದೇ ಇವೆ. ಒಂದು ಪಕ್ಕ ಅರ್ಧ ಸುತ್ತು ಹೆಚ್ಚಾದರೂ ಚಕ್ರ ಓರೆಯಾಗಿ ಕೂತು ಹಲ್ಲುಗಳು ಒಂದೇ ಮಗ್ಗುಲಿಗೆ ತಿನ್ನಿಸಿಕೊಳ್ಳುತ್ತವೆ. ಚಕ್ರ ಹಿಂದೆ ಸರಿದಾಗ ಬ್ರೇಕಿನ ಕಡ್ಡಿಯ ಹಿಡಿತವೂ ಬದಲಾಗುತ್ತದೆ, ಅದನ್ನು ಮರೆತು ರಸ್ತೆಗಿಳಿದವರುಂಟು. ಚೈನು ಬಿಚ್ಚಿ ಹಾಕಿದ್ದರೆ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ನೀರಿನಲ್ಲಿ ಈಜುವ ಮೀನಿನಂತೆ ತಲೆ ಮುಂದೆ, ಬಾಲ ಹಿಂದೆ. ತಿರುಗಿಸಿ ಹಾಕಿದರೆ ಏನಾದರೂ ತಗುಲಿ ಲಾಕು ಹಾರಿಹೋಗುವ ಭಯ. ಕಬ್ಬಿನ ಸೋಗೆ, ಒಣಹುಲ್ಲಿನ ಎಳೆ, ಗೊನೆ ಕಟ್ಟಿದ ಹಗ್ಗದ ತುದಿ, ಹೀಗೆ ತಗುಲುವುದಕ್ಕೆ ಇಲ್ಲಿ ಬರವಿಲ್ಲ.

ಎಣ್ಣೆಯ ವಿಷಯದಲ್ಲಿ ಹಳ್ಳಿಗರ ಔದಾರ್ಯ ಹೆಚ್ಚು. ಎಂಜಿನಿನಿಂದ ಬಸಿದ ಕರಿ ಎಣ್ಣೆಯನ್ನು ದೇವರ ಅಭಿಷೇಕದಂತೆ ಸುರಿಯುತ್ತಾರೆ. ಅದಕ್ಕೆ ಧೂಳು ಕೂಡಿ ಅರೆಯುವ ಸಾಣೆಯಾಗುತ್ತದೆ. ಡೀಸೆಲು ಅದ್ದಿದ ಬಟ್ಟೆಯಿಂದ ಒರೆಸಿ, ಕೊಂಡಿಗಳ ಸಂದಿಗೆ ಗೇರ್ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಮೇಲೆ ನಿಂತದ್ದನ್ನು ಒರೆಸಿ ತೆಗೆಯುವ ತಾಳ್ಮೆ ಎಲ್ಲೋ ಕೆಲವರಿಗೆ ಮಾತ್ರ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ನಡುದಾರಿಯಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಕಾರುಗಳು ಬಾಣದಂತೆ ಹಾದುಹೋಗುವ ದಾರಿಯಲ್ಲಿ ಗೊನೆ ಹೊತ್ತ ಮೊಪೆಡ್ಡಿಗೆ ಜಾಗವಿಲ್ಲವೆಂಬುದು ನ್ಯಾಯವೇ. ಅಲ್ಲಿ ಚಕ್ರ ಬಂಧಿಯಾದರೆ ಸವಾರನಿಗೆ ಉಳಿವಿಲ್ಲ. ಆದರೆ ಪಕ್ಕದ ಸರ್ವಿಸ್ ರಸ್ತೆಯ ಉಬ್ಬುತಗ್ಗುಗಳ ಮೇಲೆ, ನಿಲ್ಲುತ್ತ ಹೊರಡುತ್ತ ಸಾಗುವಾಗ ಚೈನು ತಿನ್ನುವ ಪೆಟ್ಟು ಬೇರೆ. ಒಂದೊಂದು ಉಬ್ಬಿಗೂ ಹೊರೆ ಕುಸಿಯುತ್ತದೆ, ಏಳುತ್ತದೆ. ಚೈನು ಬಿಗಿಯುತ್ತದೆ, ಜೋಲುತ್ತದೆ. ಮೇಲಿನ ದಾರಿಯಲ್ಲಿ ಹೋಗುವವರಿಗೆ ಮದ್ದೂರು ಬಂದದ್ದೂ ತಿಳಿಯುವುದಿಲ್ಲ, ವಡೆಯ ಘಮವೂ ಅಲ್ಲಿಗೆ ಏರುವುದಿಲ್ಲ.

ಹುಣಸೆ ಮರದಡಿಯ ಹುಡುಗ ಹಿಂದಿನ ಹಲ್ಲುಚಕ್ರದ ಹಿಂಭಾಗದಲ್ಲಿ ಚೈನನ್ನು ಎರಡು ಬೆರಳಿನಿಂದ ಹಿಡಿದು ಎಳೆಯುತ್ತಾನೆ. ಹೊಸ ಚೈನು ಜಗ್ಗುವುದಿಲ್ಲ. ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಅದರ ಆಯುಷ್ಯ ಮುಗಿಯಿತು. ಹಲ್ಲುಗಳೂ ಕುಡುಗೋಲಿನಂತೆ ಬಾಗಿರುತ್ತವೆ. ಚೈನೊಂದನ್ನೇ ಬದಲಿಸಿದರೆ ಹಳೆಯ ಹಲ್ಲು ಹೊಸ ಚೈನನ್ನೂ ತಿಂದುಹಾಕುತ್ತದೆ, ಆದುದರಿಂದ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಗೌಡರು ಬೆಲೆ ಕೇಳಿ, ಅಂದಿನ ಕಾಯಿಯ ದರದೊಡನೆ ಮನಸ್ಸಿನಲ್ಲೇ ತಾಳೆ ನೋಡಿ, ಕೊನೆಗೆ ತಲೆಯಾಡಿಸುತ್ತಾರೆ. ಬಿಚ್ಚಿದ ಹಳೆಯ ಚೈನನ್ನು ಮಾತ್ರ ಅಂಗಡಿಯಲ್ಲಿ ಬಿಡುವುದಿಲ್ಲ. ಕಾಗದದಲ್ಲಿ ಸುತ್ತಿಸಿಕೊಂಡು ಹೋಗುತ್ತಾರೆ. ತೋಟದ ಗೇಟಿಗೆ ಬೀಗ ಹಾಕಲು ಒಂದು ಸರಪಳಿ ಬೇಕಾಗಿರುತ್ತದೆ.