ಕ್ರಿಸ್‌ಮಸ್ ರಜೆಯಲ್ಲಿ ಎಳ್ಳಮಾವಾಸ್ಯೆ

ಬೆಂಗಳೂರಿನ ಆಫೀಸಿನಲ್ಲಿ ಪ್ಲಮ್ ಕೇಕ್ ಹಂಚುವ ಹೊತ್ತಿಗೆ ನಮ್ಮೂರ ಕಡೆ ಶೇಂಗಾ ಹುರಿಯುವ ವಾಸನೆ. 2024ರಲ್ಲಿ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಧಾರವಾಡ ಬಿಟ್ಟು ಸವದತ್ತಿ ದಾರಿ ಹಿಡಿದರೆ ಎರಡೂ ಬದಿ ಕರಿಮಣ್ಣು, ಬಿಳಿಜೋಳ, ಕಡಲೆ.

ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಅಜ್ಜಿ ಕಲಿಸಿದ ಶೇಂಗಾ ಹೋಳಿಗೆ. ಬೆಲ್ಲದ ಅಳತೆ ಕೇಳಿದರೆ ಅವ್ವನದು ಒಂದೇ ಉತ್ತರ: “ಕೈಗೆ ಗೊತ್ತಾಗತೈತಿ.” ಇದನ್ನು ನೋಟ್ಸ್ ಆ್ಯಪ್‌ನಲ್ಲಿ ಹೇಗೆ ಬರೆದುಕೊಳ್ಳಲಿ?

ಹೊಲ ಈಗ ಲಾವಣಿಗೆ ಹಾಕಿದ್ದೇವೆ. ಹೋಗೋದು ಬೇಡವೆಂದರು ಅಪ್ಪ. “ಬ್ಯಾರೇದವ್ರು ಹೊಲಾ ಮಾಡಿದ್ರ ಭೂಮಿತಾಯಿಗೆ ಉಣಿಸೂದು ಬಿಡೂದನು?” ಅಂದಳು ಅವ್ವ. ಹೋದೆವು. ಅಪ್ಪನೇ ಜೋಳದ ಸಾಲುಗಳಲ್ಲಿ ಚರಗ ಚೆಲ್ಲಿದರು. ಲಾವಣಿ ಹಿಡಿದ ಮನೆಯವರೂ ಬುತ್ತಿ ತಂದಿದ್ದರು; ಕೂಡಿ ಉಂಡೆವು. ಅವರ ಎಳ್ಳು ಹೋಳಿಗೆ ನಮ್ಮದಕ್ಕಿಂತ ರುಚಿಯಾಗಿತ್ತು. ಅವ್ವನ ಮುಂದೆ ಹೇಳಿಲ್ಲ.