ಕಾಲೇಜು ನಮ್ಮದು ಅನ್ನಿಸಬೇಕಾದರೆ

ಪ್ರಿಯ ಮೇಡಂ,

ಅರಕಲಗೂಡಿನಿಂದ ನೀವು ಬರೆದ ಕಾಗದ ತಲುಪಿತು. ಅತಿಥಿ ಉಪನ್ಯಾಸಕರಿಗೆ ಕಾಲೇಜಿನ ಮೇಲೆ ನಿಷ್ಠೆಯಿಲ್ಲ ಎಂದು ಸಭೆಯಲ್ಲಿ ಯಾರೋ ಅಂದರಂತೆ. ಆ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಮಾನವ ಸಂಪನ್ಮೂಲ ನಿರ್ವಹಣೆ ಓದಿದವರು ಮೇಯರ್ ಮತ್ತು ಅಲೆನ್ ಹೆಸರು ಕೇಳಿರುತ್ತಾರೆ. ಕೆಲಸದ ಜಾಗದ ಮೇಲಿನ ಬದ್ಧತೆಯಲ್ಲಿ ಮೂರು ಬಗೆ ಎಂದು 1991ರಲ್ಲಿ ಹೇಳಿದವರು ಅವರು. ಒಬ್ಬರು ಪ್ರೀತಿಯಿಂದ ಉಳಿಯುತ್ತಾರೆ, ಇನ್ನೊಬ್ಬರು ಬಿಟ್ಟರೆ ಗತಿಯಿಲ್ಲ ಎಂದು, ಮತ್ತೊಬ್ಬರು ಉಳಿಯುವುದೇ ಧರ್ಮ ಎಂದು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಸರ್ಕಾರಿ ಕಾಲೇಜುಗಳಲ್ಲಿ ನಾನು ಕಂಡ ನಿಮ್ಮಂಥ ಅತಿಥಿ ಉಪನ್ಯಾಸಕರಲ್ಲಿ ಮೊದಲನೆಯದು ಧಾರಾಳವಾಗಿತ್ತು. ಆ ಪ್ರೀತಿಯೆಲ್ಲ ಮಕ್ಕಳ ಮೇಲೆ. ಸಂಸ್ಥೆಯ ಮೇಲೂ ಹುಟ್ಟಲು ಸಂಸ್ಥೆ ಅವಕಾಶ ಕೊಡಬೇಕಲ್ಲ!

ವರ್ಷ ವರ್ಷವೂ ಹೊಸದಾಗಿ ಅರ್ಜಿ, ಕೌನ್ಸೆಲಿಂಗ್, ಆಯ್ಕೆಪಟ್ಟಿಗಾಗಿ ಕಾಯುವುದು. ವರ್ಗಾವಣೆಯಾಗಿ ಕಾಯಂ ಅಧ್ಯಾಪಕರು ಬಂದರೆ ಕಾರ್ಯಭಾರ ಅವರ ಪಾಲು. ಹತ್ತು ವರ್ಷ ಪಾಠ ಮಾಡಿದವರು ಸಂಜೆ ಹಾಜರಾತಿ ಪುಸ್ತಕ ಒಪ್ಪಿಸಿ ಮನೆಗೆ. ಒಂದು ಬೀಳ್ಕೊಡುಗೆಯೂ ಇಲ್ಲ. ಇಂಥ ಬಾಳಿನಲ್ಲಿ ಲ್ಯಾಬಿನ ಬೀರು ನನ್ನದು, ಮುಂದಿನ ವರ್ಷದ ಪಠ್ಯಯೋಜನೆ ನನ್ನದು ಎಂದು ಯಾರಿಗೆ ಅನ್ನಿಸೀತು?

ಹಣದ ವಿಷಯವೂ ಹಾಗೆಯೇ. ಅತಿಥಿ ಬೋಧಕರಿಗೆ ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಯುಜಿಸಿ 2019ರಲ್ಲೇ ಹೇಳಿತ್ತು. ನಮ್ಮ ರಾಜ್ಯದಲ್ಲಿ 2022ರ ಜನವರಿಯಲ್ಲಿ ಗೌರವಧನ ಏರಿದಾಗ ಯುಜಿಸಿ ಅರ್ಹತೆಯೂ ಅನುಭವವೂ ಇದ್ದವರಿಗೆ ಸಿಕ್ಕಿದ್ದು 32,000. ಜೊತೆಗೆ ವಾರದ ಪಾಠ 15 ಗಂಟೆಗೆ ಏರಿತು. ಇದ್ದ ಗಂಟೆಗಳು ಕಡಿಮೆ ಜನರಿಗೆ ಹಂಚಿಹೋಗಿ ಹಲವರು ಕೆಲಸವನ್ನೇ ಕಳೆದುಕೊಂಡರು. 2023ರ ಕೊನೆಯಲ್ಲಿ ಮುಷ್ಕರ, 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಗೌರವಧನ ಮತ್ತೆ ಏರಿತು, ಆರೋಗ್ಯ ವಿಮೆ ಬಂತು, 60 ವರ್ಷ ತುಂಬಿದವರಿಗೆ ಇಡಿಗಂಟಿನ ಭರವಸೆಯೂ ಸಿಕ್ಕಿತು. ಕೇಳಿದ್ದು ಸೇವಾ ಭದ್ರತೆ. ಅದು ಸಿಗಲಿಲ್ಲ.

ಈಗ ಕಾಯಂ ನೌಕರರಿಗೂ ಅದೇ ಕಳವಳ. ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಸಂಪುಟ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ವಿ.ವಿ.ಗಳಲ್ಲಿ ಇದೂ ಸೇರಿತು. ನೌಕರರ ಪಾಲಿಗೆ ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ತಮ್ಮ ಸೇವಾ ಪುಸ್ತಕ ನಾಳೆ ಯಾವ ಕಚೇರಿಯಲ್ಲಿರುತ್ತದೆ ಎಂಬುದೇ ತಿಳಿಯದವರ ಮುಂದೆ ಬದ್ಧತೆಯ ಭಾಷಣ ಮಾಡುವುದು ನ್ಯಾಯವಲ್ಲ.

ಮೇಡಂ, ಎಲ್ಲಕ್ಕೂ ವಿಧಾನಸೌಧದ ಕಡೆಗೇ ನೋಡಬೇಕಿಲ್ಲ. ಕೂರಲು ಸ್ಟಾಫ್ ರೂಮಿನಲ್ಲಿ ಒಂದು ಮೇಜು, ವಿಭಾಗದ ಸಭೆಗೆ ಕರೆ, ಅನುಭವ ಪ್ರಮಾಣಪತ್ರಕ್ಕೆ ಅಲೆಸದಿರುವುದು, ಗೌರವಧನದ ಬಿಲ್ಲನ್ನು ತಿಂಗಳ ಮೊದಲ ವಾರವೇ ಕಳಿಸುವುದು ಪ್ರಾಂಶುಪಾಲರ ಕೈಯಲ್ಲೇ ಇದೆ. ಮುಂದಿನ ಸಭೆಯಲ್ಲಿ ಈ ನಾಲ್ಕನ್ನು ಬರೆದುಕೊಡಿ, ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಏನಾಯಿತೆಂದು ನನಗೆ ಬರೆಯಿರಿ.

ನಿಮ್ಮ ವಿಶ್ವಾಸಿ