ಇನ್ನೊಂದು ಸೈಜ್ ಇದೆ

ಎಂಜಿನ್ ಎಲ್ಲ ಕಡೆಯೂ ಒಂದೇ ಸಮ ಸವೆಯುವುದಿಲ್ಲ. ಸಿಲಿಂಡರಿನ ಮೇಲ್ತುದಿಯಲ್ಲಿ, ಪಿಸ್ಟನ್ನಿನ ಮೊದಲ ರಿಂಗ್ ಬಂದು ನಿಂತು ಹಿಂತಿರುಗುವ ಜಾಗದಲ್ಲಿ ಸವೆತ ಎಲ್ಲಕ್ಕಿಂತ ಹೆಚ್ಚು. ಪೆಟ್ರೋಲು ಉರಿಯುವ ಬಿಸಿ ಅಲ್ಲೇ, ಒತ್ತಡ ಅಲ್ಲೇ, ಆಯಿಲ್ಲಿನ ಪದರ ತೀರಾ ತೆಳುವಾಗುವುದೂ ಅಲ್ಲೇ. ಅದಕ್ಕಿಂತ ಮೇಲೆ, ರಿಂಗ್ ಮುಟ್ಟದ ಒಂದು ಸಣ್ಣ ಅಂಚು ಮಾತ್ರ ಸವೆಯದೆ ಉಳಿದಿರುತ್ತದೆ. ಹೆಡ್ ಬಿಚ್ಚಿ, ಮಸಿ ಒರೆಸಿ, ಆ ಅಂಚಿನಿಂದ ಉಗುರನ್ನು ಕೆಳಕ್ಕೆ ಜಾರಿಸಿದರೆ ಒಂದು ಮೆಟ್ಟಿಲು ತಗಲುತ್ತದೆ. ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ನಾಲ್ಕೂ ಸಿಲಿಂಡರುಗಳಲ್ಲಿ ಆ ಮೆಟ್ಟಿಲು ಇತ್ತು. ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ, ಎಂಜಿನ್ ಬೋರಿಗೆ ಬಂದಿತ್ತು.

ಕಾರು ಮೊದಲೇ ಸುಳಿವು ಕೊಟ್ಟಿತ್ತು. ಏರು ಮುಗಿಸಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ. ಎಂಜಿನ್ ಬಿಸಿಯಾಗಿ ಸಿಗ್ನಲ್ಲಿನಲ್ಲಿ ನಿಂತರೆ ಆಯಿಲ್ ಲೈಟು ಮಿಣುಕುವುದು. ಕಂಪ್ರೆಷನ್ ನೋಡಿದೆವು. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ನಮ್ಮದರಲ್ಲಿ ಏರಿತು.

ಎಂಜಿನ್ ಇಳಿಸುವ ಮಾತು ಬಂದಾಗ ಹಿತೈಷಿಗಳೆಲ್ಲ ಹೇಳಿದ್ದು ಒಂದೇ: ಇದನ್ನು ಗುಜರಿಗೆ ಹಾಕಿ, ಮಾರುತಿ ಎಂಜಿನ್ ಕೂರಿಸಿ. ನನಗೆ ಮನಸ್ಸು ಒಪ್ಪಲಿಲ್ಲ. ಈ ಎಂಜಿನ್ನಿನ ವಂಶ ಬಹಳ ಹಳೆಯದು. 1937ರಲ್ಲಿ ಇಟಲಿಯ ಫಿಯಟ್ 508ಸಿ ಕಾರಿಗೆ ಬಂದದ್ದೂ 68 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕಿನ 1089 ಸಿಸಿ ಎಂಜಿನ್ನೇ. ಅದೇ ಅಳತೆ ಫಿಯಟ್ 1100ಗೆ ಬಂತು, ಅಲ್ಲಿಂದ ಮುಂಬೈನ ಕುರ್ಲಾದ ಪ್ರೀಮಿಯರ್ ಕಾರ್ಖಾನೆಗೆ ಬಂತು, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಕಾರಿನಲ್ಲೂ ಉಳಿಯಿತು. ಎರಕದ ಕಬ್ಬಿಣದ ಬ್ಲಾಕ್, ಅಲ್ಯುಮಿನಿಯಂ ಹೆಡ್, ಮೂರೇ ಮೂರು ಮೇನ್ ಬೇರಿಂಗ್. ತೆಗೆದು, ಅಳೆದು, ಸರಿಪಡಿಸಿ ಮತ್ತೆ ಜೋಡಿಸಲೆಂದೇ ಮಾಡಿದ ಯಂತ್ರ ಅದು. ಆ ಗುಣಕ್ಕೆ ಬೆನ್ನು ತಿರುಗಿಸಿ ಬೇರೆ ಎಂಜಿನ್ ತಂದು ಕೂರಿಸಿದರೆ ಉಳಿಯುವುದು ಕಾರಿನ ಚಿಪ್ಪು ಮಾತ್ರ.

ಬಿಚ್ಚುತ್ತಾ ಹೋದಂತೆ ಹಿಂದಿನವರ ಗುರುತುಗಳು ಸಿಕ್ಕವು. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಪುಲ್ಲಿಯೊಳಗೇ ಆಯಿಲ್ ಶೋಧಿಸುವ ಏರ್ಪಾಡಿದೆ. ತಿರುಗುವ ವೇಗಕ್ಕೆ ಕೊಳೆ ಹೊರಗೋಡೆಗೆ ಸಿಡಿದು ಅಲ್ಲೇ ಅಂಟಿಕೊಳ್ಳುತ್ತದೆ. ಅದರ ಮುಚ್ಚಳ ತೆಗೆದರೆ ಒಳಗೆ ಕರಿ ಮೇಣದಂಥ ಗಟ್ಟಿ ಪದರ. ಎಷ್ಟೋ ವರ್ಷ ಯಾರೂ ಅದನ್ನು ತೆರೆದಿರಲಿಲ್ಲ. ಆದರೆ ಪಿಸ್ಟನ್ನಿನ ತಲೆಯ ಮಸಿ ಕೆರೆದಾಗ ಲೋಹದಲ್ಲಿ 20 ಎಂಬ ಅಂಕಿ ಕಂಡಿತು. ಅಂದರೆ ಬ್ಲಾಕಿಗೆ ಹಿಂದೆ ಒಮ್ಮೆ ಬೋರಿಂಗ್ ಆಗಿದೆ. 20 ಸೈಜ್ ಎಂದರೆ ಇಂಚಿನ ಸಾವಿರದಲ್ಲಿ 20 ಭಾಗ, ಸುಮಾರು ಅರ್ಧ ಮಿಲಿಮೀಟರ್ ದೊಡ್ಡದು. ಅಂದು ಕೆತ್ತಿದವರು ಯಾರೆಂದು ನನಗೆ ತಿಳಿಯದು. ಆದರೆ ಬೇಕಾದಷ್ಟೇ ತೆಗೆದು, ಮಿಕ್ಕದ್ದನ್ನು ನಮಗೆ ಬಿಟ್ಟಿದ್ದರು.

ಬೋರಿಂಗ್ ಅಂಗಡಿ ಕಲಾಸಿಪಾಳ್ಯದ ಹಿಂದಿನ ಒಂದು ಓಣಿಯಲ್ಲಿ. ಅಲ್ಲಿನ ಮೇಸ್ತ್ರಿ ಬ್ಲಾಕನ್ನು ಮೇಜಿನ ಮೇಲಿಟ್ಟು ಡಯಲ್ ಗೇಜ್ ಇಳಿಸಿ ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಅಳೆದರು. ಮತ್ತೆ ಗೇಜನ್ನು ಅಡ್ಡಕ್ಕೆ ತಿರುಗಿಸಿ ಅಷ್ಟೇ ಕಡೆ ಅಳೆದರು. ಪಿಸ್ಟನ್ ಕೆಳಗಿಳಿಯುವಾಗ ಕನೆಕ್ಟಿಂಗ್ ರಾಡ್ ಓರೆಯಾಗಿರುವುದರಿಂದ ಒಂದು ಪಕ್ಕದ ಗೋಡೆಗೆ ಹೆಚ್ಚು ಒತ್ತುತ್ತದೆ; ದುಂಡಗಿದ್ದ ರಂಧ್ರ ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎಲ್ಲ ಅಂಕಿಗಳನ್ನೂ ಸೀಮೆಸುಣ್ಣದಲ್ಲಿ ಬ್ಲಾಕಿನ ಮೇಲೇ ಬರೆದುಕೊಂಡರು.

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ 60 ಸೈಜಿನ ಪಿಸ್ಟನ್ ಸೆಟ್ ತಕ್ಷಣ ಸಿಗುವಂತಿತ್ತು, 40ಕ್ಕೆ ಕಾಯಬೇಕಿತ್ತು. 60ಕ್ಕೇ ಮಾಡಿಸಿಬಿಡೋಣವೇ ಎಂದು ಕೇಳಿದೆ. ಮೇಸ್ತ್ರಿ ತಲೆ ಅಲ್ಲಾಡಿಸಿದರು. “40ಕ್ಕೆ ಕ್ಲೀನ್ ಆಗುತ್ತೆ ಸಾರ್. ಇದರಲ್ಲಿ ಇನ್ನೊಂದು ಸೈಜ್ ಇದೆ. ಈಗಲೇ ಯಾಕೆ ತಿಂದುಹಾಕಬೇಕು?” ಆ ಮಾತಿಗೆ ನಾನು ಕಾದೆ. ಹಳೆಯ ಎಂಜಿನ್ನಿನ ಕೆಲಸವನ್ನು ‘ಹೊಸದು ಮಾಡುವುದು’ ಎಂದೇ ನಾನು ಅಷ್ಟು ದಿನ ಅಂದುಕೊಂಡಿದ್ದೆ. ಅಲ್ಲಿ ನಿಂತು ನೋಡಿದಾಗ ಕಂಡದ್ದು ಬೇರೆ. ಪ್ರತಿ ಬೋರಿಂಗೂ ಬ್ಲಾಕಿನ ಗೋಡೆಯಿಂದ ಒಂದಿಷ್ಟು ಕಬ್ಬಿಣವನ್ನು ಖರ್ಚು ಮಾಡುತ್ತದೆ, ಪ್ರತಿ ಗ್ರೈಂಡಿಂಗೂ ಕ್ರ್ಯಾಂಕನ್ನು ತೆಳ್ಳಗೆ ಮಾಡುತ್ತದೆ. ಮುಂದೆ ಸ್ಲೀವ್ ಹಾಕಿ ಸರಿದೂಗಿಸಬಹುದು, ನಿಜ. ಆದರೂ ಮೂಲ ಲೋಹಕ್ಕೆ ಒಂದು ಲೆಕ್ಕವಿದೆ. ಒಳ್ಳೆಯ ಮೇಸ್ತ್ರಿಯ ಹೆಚ್ಚುಗಾರಿಕೆ ಎಷ್ಟು ಕಡಿಮೆ ತೆಗೆದು ಕೆಲಸ ಮುಗಿಸುತ್ತಾರೆ ಎಂಬುದರಲ್ಲಿದೆ.

ಬೋರಿಂಗ್ ಮುಗಿದ ಮೇಲೆ ಹೋನಿಂಗ್. ಕನ್ನಡಿಯ ಹಾಗೆ ನುಣುಪಾದ ಗೋಡೆ ಎಂಜಿನ್ನಿಗೆ ಆಗಿಬರುವುದಿಲ್ಲ. ಕಲ್ಲುಗಳನ್ನು ತಿರುಗಿಸುತ್ತಲೇ ಮೇಲೆ ಕೆಳಗೆ ಆಡಿಸಿ, ಒಂದನ್ನೊಂದು ಓರೆಯಾಗಿ ಕತ್ತರಿಸುವ ಸಣ್ಣ ಗೀರುಗಳನ್ನು ಎಳೆಯುತ್ತಾರೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ, ಹೊಸ ರಿಂಗುಗಳು ಗೋಡೆಗೆ ಹೊಂದಿಕೊಳ್ಳುವುದೂ ಅವುಗಳ ಮೇಲೆಯೇ ಉಜ್ಜಿಕೊಂಡು. ಆಮೇಲೆ ಬ್ಲಾಕನ್ನು ಸೋಪಿನ ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ತೊಳೆಯಬೇಕು. ಕಲ್ಲಿನ ಪುಡಿ ಒಂದಿಷ್ಟು ಉಳಿದರೂ ಹೊಸ ಬೇರಿಂಗುಗಳನ್ನು ಅದು ತಿಂದುಬಿಡುತ್ತದೆ. ತೊಳೆದು ಒರೆಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಮೇಸ್ತ್ರಿ ಬಿಡಲಿಲ್ಲ. ಇಂಥ ಶ್ರದ್ಧೆಗೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲೇ ಇಲ್ಲ. ಇರಬೇಕಿತ್ತು.

ವಾಲ್ವುಗಳನ್ನು ನಾನೇ ಉಜ್ಜಿದೆ. ಸೀಟಿಗೆ ಪೇಸ್ಟ್ ಹಚ್ಚಿ, ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವ ಹಾಗೆ ತಿರುವುತ್ತಾ ಹೋದರೆ, ಮೊದಲಿನ ಕರಕರ ಸದ್ದು ನಿಧಾನವಾಗಿ ಇಳಿದು, ವಾಲ್ವಿನ ಸುತ್ತ ಬೂದು ಬಣ್ಣದ ತೆಳು ಉಂಗುರ ಮೂಡುತ್ತದೆ. ಉಂಗುರ ಎಲ್ಲೂ ತುಂಡಾಗಿರಬಾರದು. ಪೋರ್ಟಿಗೆ ಸೀಮೆಎಣ್ಣೆ ತುಂಬಿಸಿಟ್ಟು, ಹೊತ್ತು ಬಿಟ್ಟು ನೋಡಿದಾಗ ಒಂದು ಹನಿಯೂ ಕೆಳಗೆ ಜಿನುಗಿರದಿದ್ದರೆ ಸರಿಯಾಗಿ ಕೂತಿದೆ ಎಂದರ್ಥ.

ಜೋಡಣೆ ಬೇಗ ಆಯಿತು. ರಿಂಗುಗಳ ಬಾಯಿ ಒಂದರ ನೇರಕ್ಕೆ ಒಂದು ಬರದಂತೆ ತಿರುಗಿಸಿ ಕೂರಿಸುವುದು, ಹೆಡ್ಡನ್ನು ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಬಿಗಿ ಮಾಡುವುದು, ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ತೆಗೆದಿಟ್ಟು ಎಂಜಿನ್ ತಿರುಗಿಸಿ ಆಯಿಲ್ ಏರಿಸುವುದು, ಇಷ್ಟೇ.

ಈಗ ರನ್ನಿಂಗ್-ಇನ್. ಒಂದೇ ವೇಗದಲ್ಲಿ ಓಡಿಸುವಂತಿಲ್ಲ, ಎಳೆದು ಓಡಿಸುವಂತಿಲ್ಲ, ಹಾಗೆಂದು ತೀರಾ ಮೆತ್ತಗೆ ಓಡಿಸಿದರೂ ರಿಂಗುಗಳು ಗೋಡೆಗೆ ಕೂರುವುದಿಲ್ಲ. ಮೊದಲ ಆಯಿಲ್ ಇಳಿಸಿದಾಗ ಅದರಲ್ಲಿ ಸಣ್ಣ ಮಿನುಗಿತ್ತು. ಲೋಹಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಹಾಗಾಗುವುದು ಸಹಜವಂತೆ. ಹೆಡ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಟ್ಯಾಪೆಟ್ ಹೊಂದಿಸಬೇಕು. ಅದಾದ ಮೇಲೆ ಸಕಲೇಶಪುರದ ದಾರಿ ಹಿಡಿದು ಶಿರಾಡಿ ಘಾಟಿ ಇಳಿದು, ಮತ್ತೆ ಹತ್ತಿಸಿಕೊಂಡು ಬರಬೇಕೆಂದಿದ್ದೇನೆ. ಮೇಸ್ತ್ರಿಯನ್ನೂ ಕರೆದಿದ್ದೇನೆ; ಭಾನುವಾರವಾದರೆ ಬರುತ್ತಾರಂತೆ.